ಅಮೆರಿಕದ ಸರ್ಕಾರಿ ಪ್ರೌಢಶಾಲೆಯಲ್ಲಿ, ಮನೆಯಲ್ಲೇ ಕಲಿತ ಕನ್ನಡಕ್ಕೆ ಮಾನ್ಯತೆ ಸಿಗುವುದೇ?

ಸಿಗಬಹುದು, ಆದರೆ ಮಾತನಾಡಲು ಬಂದರಷ್ಟೇ ಸಾಲದು. ಕ್ಯಾಲಿಫೋರ್ನಿಯಾ 2011ರಲ್ಲಿ ಕಾನೂನು ಮಾಡಿ ಆರಂಭಿಸಿದ, ಬಳಿಕ ಇತರ ರಾಜ್ಯಗಳೂ ಅನುಸರಿಸಿದ ‘ಸೀಲ್ ಆಫ್ ಬೈಲಿಟರಸಿ’, ಅಂದರೆ ಪದವಿಪತ್ರದ ಮೇಲೆ ಒತ್ತುವ ದ್ವಿಭಾಷಾ ಸಾಕ್ಷರತೆಯ ಮುದ್ರೆ, ವಿದ್ಯಾರ್ಥಿ ಭಾಷೆಯನ್ನು ಎಲ್ಲಿ ಕಲಿತ ಎಂಬುದಕ್ಕಿಂತ, ಇಂಗ್ಲಿಷಿನ ಜೊತೆಗೆ ಅದನ್ನು ಎಷ್ಟರ ಮಟ್ಟಿಗೆ ಬಳಸಬಲ್ಲ ಎಂಬುದಕ್ಕೆ ಸಲ್ಲುತ್ತದೆ. ಆದ್ದರಿಂದಲೇ ಶಾಲೆಯಲ್ಲಿ ಕಲಿಸದ ಕನ್ನಡಕ್ಕೂ ಅಲ್ಲಿ ಅವಕಾಶವಿದೆ.

ತೊಡಕಿರುವುದು ಪರೀಕ್ಷೆಯಲ್ಲಿ. ಸ್ಪ್ಯಾನಿಷ್, ಚೀನಿ ಭಾಷೆಗಳಿಗಿರುವ ಎಪಿ ಎಂಬ ಕಾಲೇಜು ಮಟ್ಟದ ಪರೀಕ್ಷೆ ಕನ್ನಡಕ್ಕಿಲ್ಲವಾದ್ದರಿಂದ, ಸ್ಥಳೀಯ ಶಾಲಾ ಆಡಳಿತ ಒಪ್ಪುವ ಬೇರೊಂದು ಪರೀಕ್ಷೆಯನ್ನು ಬರೆಯಬೇಕಾಗುತ್ತದೆ. ಅಜ್ಜಿಯೊಡನೆ ಫೋನಿನಲ್ಲಿ ಸಲೀಸಾಗಿ ಹರಟುವ ಮಕ್ಕಳು ಸಾಮಾನ್ಯವಾಗಿ ಎಡವುವುದು ಬರವಣಿಗೆಯಲ್ಲಿ, ಅದರಲ್ಲೂ ಒತ್ತಕ್ಷರಗಳಲ್ಲಿ. ಯಾವ ಪರೀಕ್ಷೆ ನಡೆಯುತ್ತದೆ ಎಂಬುದನ್ನು ಒಂಬತ್ತನೇ ತರಗತಿಯಲ್ಲೇ ಶಾಲೆಯ ಕೌನ್ಸೆಲರ್‌ರಿಂದ ಕೇಳಿ ತಿಳಿದುಕೊಂಡರೆ, ಬರೆದು ರೂಢಿಸಿಕೊಳ್ಳಲು ಸಮಯ ಉಳಿಯುತ್ತದೆ.