ಪಿಎಚ್‌ಸಿಯಲ್ಲಿ ಸಕ್ಕರೆ ಕಾಯಿಲೆ ಗುಳಿಗೆ ವರ್ಷಾ ಖಾಲಿ ಆಗೋದು ಯಾಕೆ?

ಇಂಡಿ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದ, ಅಂದರೆ ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿಗೆ ಹೊಸದಾಗಿ ಸೇರಿದ್ದೀರಿ, 'ತಪ್ಪದೆ ಇಂಡೆಂಟ್ (ಔಷಧದ ಬೇಡಿಕೆ ಹಾಳೆ) ಹಾಕಿದರೂ ವರ್ಷಕ್ಕೆ ಮೂರು ತಿಂಗಳು ಮೆಟ್‌ಫಾರ್ಮಿನ್ ಇರೋದಿಲ್ಲ, ಯಾರು ಕದೀತಾರೆ?' ಅಂತ ಕೇಳಿದ್ದೀರಿ. ಕಳವಿನ ಮಾತು ಆಮೇಲಿರಲಿ, ಮೊದಲು ಸ್ಟಾಕ್ ರಿಜಿಸ್ಟರ್ ತೆಗೆಸಿ ನೋಡ್ರಿ. ಹೆಚ್ಚಿನ ಕಡೆ ತಪ್ಪು ಇರೋದು ಲೆಕ್ಕದಲ್ಲೇ.

ಹೋದ ವರ್ಷ 500 ಮಿ.ಗ್ರಾಂ. ಗುಳಿಗೆ 54,000 ಹಂಚಿದ್ದಾರೆ ಅನ್ನಿ. 12ರಿಂದ ಭಾಗಿಸಿ ತಿಂಗಳಿಗೆ 4,500 ಅಂತ ಬರೆಯುತ್ತಾರೆ. ಕಪಾಟು ಬರಿದಾಗಿದ್ದ ಮೂರು ತಿಂಗಳು ರೋಗಿಗಳಿಗೇನು ಗುಳಿಗೆ ಬೇಡವಾಗಿತ್ತೇ? ಕೆಲವರು ಮೆಡಿಕಲ್‌ನಲ್ಲಿ ರೊಕ್ಕ ಕೊಟ್ಟು ತಗೊಂಡರು, ಉಳಿದವರು ಬಿಟ್ಟೇಬಿಟ್ಟರು. ಹಾಗಾಗಿ ಸ್ಟಾಕ್ ಇದ್ದ 9 ತಿಂಗಳಿಂದ ಭಾಗಿಸಬೇಕು: 6,000. ನೀವು 4,500ರ ಲೆಕ್ಕದಲ್ಲಿ ವರ್ಷಕ್ಕೆ ಕೇಳಿದರೆ ಬರೋದು ಮತ್ತದೇ 54,000, ಅದು ಮುಗಿಯೋದೂ ಮತ್ತದೇ ಒಂಬತ್ತನೇ ತಿಂಗಳಿಗೆ. ಬೇರೆ ಬೇರೆ ದೇಶಗಳ ಔಷಧ ಪೂರೈಕೆ ಕಾರ್ಯಕ್ರಮಗಳಲ್ಲಿ ಖಾಲಿ ದಿನ ಕಳೆಯುವ ಈ ಸೂತ್ರವನ್ನೇ ಕಲಿಸುತ್ತಾರೆ. ಬಾಕಿ ಸೊನ್ನೆ ಇದ್ದ ದಿನಗಳನ್ನೆಲ್ಲ ಕೂಡಿಸಿ 30.5ರಿಂದ ಭಾಗಿಸಿ, ಬಂದದ್ದನ್ನು 12ರಲ್ಲಿ ಕಳೆಯಿರಿ; ಉಳಿದ ತಿಂಗಳಿಂದಲೇ ವರ್ಷದ ಬಳಕೆಯನ್ನು ಭಾಗಿಸಬೇಕು.

ಕಣ್ಣಿಗೆ ಬೀಳದ ಖಾಲಿ ಇನ್ನೊಂದಿದೆ. ಸ್ಟಾಕ್ ಇಳಿಯುತ್ತ ಬಂದಾಗ ಫಾರ್ಮಸಿಸ್ಟರು 30 ದಿನದ ಬದಲು 10 ದಿನದ್ದು ಕೊಡುತ್ತಾರೆ. ರಿಜಿಸ್ಟರಿನಲ್ಲಿ ಸೊನ್ನೆ ಕಾಣೋದಿಲ್ಲ, ಬಳಕೆ ಮಾತ್ರ ಕುಸಿದಿರುತ್ತದೆ. ಆ ವಾರಗಳನ್ನೂ, ಆಗ ಹಂಚಿದ ಗುಳಿಗೆಗಳನ್ನೂ ಲೆಕ್ಕದಿಂದ ಕಳೆಯಿರಿ. ತಾಳೆ ನೋಡಲು ಸಕ್ಕರೆ ಕಾಯಿಲೆ, ಬಿಪಿಯಂಥ ಅಂಟದ ರೋಗ ಇರುವವರ ಹೆಸರು ಬರೆಯುವ ಎನ್‌ಸಿಡಿ ರಿಜಿಸ್ಟರ್ ಇದೆ: ದಿನಕ್ಕೆ ಎರಡು ಗುಳಿಗೆಯ 100 ಮಂದಿ ಅಂದರೆ 100 × 2 × 30, ಸರಿಯಾಗಿ 6,000.

ದೀಪಾವಳಿ ಆದಮೇಲೆ ಕಬ್ಬು ಕಡಿಯಲು, ದುಡಿಯಲು ಊರು ಬಿಡುವವರಿಗೆ ಮೂರು ತಿಂಗಳದ್ದು ಒಟ್ಟಿಗೆ ಕೊಡಬೇಕಾಗುತ್ತದೆ, ಆ ತಿಂಗಳು ಬಳಕೆ ಜಿಗಿಯುತ್ತದೆ. ಜಮಖಂಡಿ, ಮುಧೋಳದ ಕಡೆ ಕಬ್ಬು ಕಡಿಯುವ ಗ್ಯಾಂಗ್ ಬಂದಿಳಿಯುವುದರಿಂದ ಅಲ್ಲೂ ಏರುತ್ತದೆ.

ಉಗ್ರಾಣದಿಂದ ಮಾಲು ಬರಲು ಎರಡು ತಿಂಗಳು ಹಿಡಿದರೆ 12,000, ಮೇಲೆ ಒಂದು ತಿಂಗಳ ಭದ್ರತೆಗೆ 6,000. ಸ್ಟಾಕ್ 18,000ಕ್ಕೆ ಇಳಿದ ದಿನವೇ ಕೇಳಬೇಕು.

ಹಾವು ಕಡಿತದ ಇಂಜೆಕ್ಷನ್‌ಗೆ ಈ ಸರಾಸರಿ ಹಚ್ಚಲೇಬೇಡಿ. ವರ್ಷಕ್ಕೆ ಒಬ್ಬರೇ ಬರಬಹುದು, ಬಂದರೆ ಮೊದಲ ಡೋಸೇ ಸಾಮಾನ್ಯವಾಗಿ 10 ವಯಲ್. ಬಳಕೆ ಇಲ್ಲ ಅಂತ ಎರಡು ವಯಲ್ ಇಟ್ಟುಕೊಂಡರೆ ಇಟ್ಟೂ ಇಲ್ಲದಂತೆ.

ಡಬ್ಲ್ಯುಎಚ್‌ಒ ಅಗತ್ಯ ಔಷಧಗಳ ಮೊದಲ ಪಟ್ಟಿ ಮಾಡಿದ್ದು 1977ರಲ್ಲಿ. ನಮ್ಮ ದೇಶದ 2022ರ ಪಟ್ಟಿಯಲ್ಲಿ 384 ಔಷಧಗಳಿವೆ, ಮೆಟ್‌ಫಾರ್ಮಿನ್ ಕೂಡ ಇದೆ. ಪಟ್ಟಿಯಲ್ಲಿರೋದು ಕಪಾಟಿಗೆ ಬರಬೇಕಾದರೆ ನಡುವೆ ಇರೋದು ಇದೇ ಇಂಡೆಂಟ್ ಹಾಳೆ.

ಈ ವರ್ಷದ ಕೊರತೆಗೆ ಸಮಿತಿಯ ಹಣದಲ್ಲಿ ಗುಳಿಗೆ ತರಿಸಿದರೆ ಅದನ್ನೂ ಸ್ಟಾಕ್ ರಿಜಿಸ್ಟರಿಗೆ ಏರಿಸಿ, ಅಲ್ಲಿಂದಲೇ ಖರ್ಚು ಹಾಕಿಸಿ. ಬೇರೆ ವಹಿಯಲ್ಲಿ ಬರೆದಿಟ್ಟರೆ ಬರುವ ವರ್ಷದ ಸರಾಸರಿಯಲ್ಲಿ ಅದು ಸಿಗೋದಿಲ್ಲ.