ಆಪ್ತಸಲಹೆ ಪ್ರಕರಣ: ‘ನಮ್ಮ ಕೆಲಸದವರಿಗೆ ಪರಿಸರದ ಕಾಳಜಿಯೇ ಇಲ್ಲ’

(ವ್ಯಕ್ತಿ, ಊರು, ಕಾರ್ಖಾನೆಯ ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ಕುಮಟಾ–ಅಂಕೋಲಾ ಕಡೆಯ ಗೇರುಬೀಜ ಕಾರ್ಖಾನೆಯೊಂದರ ಮೇಲ್ವಿಚಾರಕರು, ಮೂವತ್ತರ ಆಸುಪಾಸು. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ, ಮನೆಯಲ್ಲಿ ಸಣ್ಣದಕ್ಕೂ ಸಿಡುಕು. ತಿರುಳು ಕೊಳ್ಳುವ ದೊಡ್ಡ ಕಂಪನಿ ಕರೆಂಟು, ನೀರು, ಕಸದ ಲೆಕ್ಕ ಕೇಳುತ್ತಿದೆ. 2022–23ರಿಂದ ಷೇರುಪೇಟೆಯ ನಿಯಂತ್ರಕ ಸೆಬಿ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ ಸುಸ್ಥಿರತೆ ವರದಿ ಕಡ್ಡಾಯ ಮಾಡಿದ ಮೇಲೆ ಇಂಥ ಪ್ರಶ್ನಾವಳಿಗಳು ಸಣ್ಣ ಸರಬರಾಜುದಾರರವರೆಗೂ ಬರತೊಡಗಿವೆ. ಮಾಲೀಕರು ಅದನ್ನು ಇವರ ತಲೆಗೆ ಕಟ್ಟಿದ್ದಾರೆ. ಇವರು ಪೋಸ್ಟರ್ ಅಂಟಿಸಿದರು, ಬೆಳಿಗ್ಗೆ ಪ್ರತಿಜ್ಞೆ ಓದಿಸಿದರು, ಗೇಟಿನ ಪಕ್ಕ ನಾಲ್ಕು ಬಣ್ಣದ ಡಬ್ಬಿ ಇಟ್ಟರು. ಆದರೂ ಕಸವೆಲ್ಲ ಒಂದೇ ಗೋಣಿಗೆ. “ಎಷ್ಟು ಹೇಳಿದರೂ ಅಷ್ಟೇ, ನನ್ನ ಮಾತಿಗೆ ಬೆಲೆಯೇ ಇಲ್ಲ” ಎಂಬುದು ಅವರ ದೂರು.

ಕೆಲಸದವರ ಮನವೊಲಿಸುವುದು ಹೇಗೆಂಬ ಮಾತನ್ನು ನಾವು ಎತ್ತಲೇ ಇಲ್ಲ. ಸಿಪ್ಪೆ ತೆಗೆಯುವ ಒಬ್ಬ ಹೆಂಗಸಿನ ಇಡೀ ದಿನವನ್ನು ಹೇಳಿ ಎಂದೆವು. ಕೂಲಿ ಕಿಲೋ ಲೆಕ್ಕದ್ದು. ಹಾಗಾದರೆ ಗೇಟಿನವರೆಗೆ ನಡೆದು ಬರುವ ಹೊತ್ತಿಗೆ ಕೂಲಿ ಯಾರು ಕೊಡುತ್ತಾರೆ? ಪ್ರತಿಜ್ಞೆ ಓದುವ ಹತ್ತು ನಿಮಿಷಕ್ಕೆ? ಅವರು ಸುಮ್ಮನಾದರು. ಆಮೇಲೆ ತಾವೇ ನೆನಪಿಸಿಕೊಂಡರು: ಹಿರಿಯ ಹೆಂಗಸೊಬ್ಬರು “ಸರ್, ಸಂಜೆ ತೂಕ ಕಡಿಮೆ ಬಂದರೆ ನೀವು ತುಂಬಿ ಕೊಡ್ತೀರಾ?” ಎಂದಿದ್ದರಂತೆ. ಅದನ್ನು ಅವರು ಉಡಾಫೆ ಎಂದುಕೊಂಡಿದ್ದರು. ಬೀಜ ಕತ್ತರಿಸುವವರ ಕೈಗೆ ಚಿಪ್ಪಿನ ಎಣ್ಣೆ ಹತ್ತಿರುತ್ತದೆ, ಡಬ್ಬಿಯ ಮುಚ್ಚಳವೆಲ್ಲ ಅಂಟಂಟು. ಎರಡನೇ ಸಲ ಯಾರು ಮುಟ್ಟುತ್ತಾರೆ?

ಈ ಹೆಂಗಸರು ಅವರನ್ನು ಧಿಕ್ಕರಿಸುತ್ತಿಲ್ಲ, ತಮ್ಮ ಕೂಲಿ ಕಾಯ್ದುಕೊಳ್ಳುತ್ತಿದ್ದಾರೆ. ಇದು ಮನಸ್ಸಿಗೆ ಇಳಿಯಲು ಎರಡು ಭೇಟಿ ಬೇಕಾಯಿತು. ಅರ್ಧ ನಿದ್ದೆಗೇಡು ಅವಮಾನದ ಭಾವನೆಯಿಂದ ಬಂದದ್ದೇ ಆಗಿತ್ತು.

ಕೊಟ್ಟ ಸಲಹೆ ಇಷ್ಟು. ಪ್ರತಿಜ್ಞೆ ನಿಲ್ಲಿಸಿ. ಗೇಟಿನ ಡಬ್ಬಿ ತೆಗೆದು ಪ್ರತಿ ಬೆಂಚಿನ ಕೆಳಗೆ ಮುಚ್ಚಳವಿಲ್ಲದ ಎರಡು ಬುಟ್ಟಿ ಇಡಿ: ಒಂದು ತಿರುಳಿನ ಕೆಂಪು ಸಿಪ್ಪೆಗೆ, ಇನ್ನೊಂದು ದಾರ, ಪ್ಲಾಸ್ಟಿಕ್, ಕಾಗದಕ್ಕೆ. ಬುಟ್ಟಿ ಖಾಲಿ ಮಾಡುವುದು ದಿನಗೂಲಿಯವರ ಕೆಲಸವಾಗಲಿ, ಕಿಲೋ ಲೆಕ್ಕದವರದ್ದಲ್ಲ. ಕೆಂಪು ಸಿಪ್ಪೆಯಲ್ಲಿ ಚರ್ಮ ಹದಮಾಡಲು ಬಳಸುವ ಟ್ಯಾನಿನ್ ಇರುವುದರಿಂದ ಅದಕ್ಕೆ ಕೊಳ್ಳುವವರಿದ್ದಾರೆ, ಆದರೆ ದಾರ, ಪ್ಲಾಸ್ಟಿಕ್ ಬೆರೆತರೆ ಬೇಡವೆನ್ನುತ್ತಾರೆ. ಮಾಲೀಕರ ಹತ್ತಿರ ಪರಿಸರದ ಮಾತಿಗಿಂತ ಮೊದಲು ಈ ಲೆಕ್ಕ ಇಡಿ. ಸಭೆ ಮಾಡಲೇಬೇಕಿದ್ದರೆ ಆ ಹೊತ್ತಿಗೆ ಕೂಲಿ ಕೇಳಿ ಪಡೆದುಕೊಂಡು ಮಾಡಿ.

ಕರೆಂಟಿನ ಲೆಕ್ಕದಲ್ಲಿ ಬೇಗ ಕಣ್ಣಿಗೆ ಕಾಣುವ ಉಳಿತಾಯ ಒಂದು ಬೇಕಿತ್ತು, ಅದೂ ಯಾರ ಕೂಲಿಗೂ ತಟ್ಟದ್ದು. ಸಿಪ್ಪೆ ಊದುವ ಯಂತ್ರದ ಕಂಪ್ರೆಸರ್ ಸಿಕ್ಕಿತು. ಊಟದ ಹೊತ್ತಿಗೆ ಯಂತ್ರಗಳೆಲ್ಲ ನಿಂತಿರುವಾಗ ಕಂಪ್ರೆಸರ್ ಮಾತ್ರ ಚಾಲೂ ಇಡಬೇಕು. ಅದು ಎಷ್ಟು ನಿಮಿಷ ಗಾಳಿ ತುಂಬುತ್ತದೆ, ಎಷ್ಟು ನಿಮಿಷ ಸುಮ್ಮನಿರುತ್ತದೆ, ನಾಲ್ಕೈದು ಸುತ್ತು ಬರೆದುಕೊಳ್ಳಬೇಕು. 2 ನಿಮಿಷ ತುಂಬಿ 6 ನಿಮಿಷ ಸುಮ್ಮನಿದ್ದರೆ 8ರಲ್ಲಿ 2, ಅಂದರೆ ಕಂಪ್ರೆಸರ್ ತುಂಬಬಲ್ಲ ಗಾಳಿಯ ಕಾಲು ಭಾಗ ಸೋರಿಕೆಗೇ ಹೋಗುತ್ತಿದೆ. ಶೇ. 10ರೊಳಗಿದ್ದರೆ ಪರವಾಗಿಲ್ಲ. ಸೋರುವುದು ಹೆಚ್ಚಾಗಿ ಪೈಪಿನ ಜಾಯಿಂಟಿನಲ್ಲಿ, ಕಪ್ಲಿಂಗಿನಲ್ಲಿ, ನೀರು ಬಿಡುವ ವಾಲ್ವಿನಲ್ಲಿ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಅಲ್ಲಿ ತಾರೀಕು ಬರೆದ ಚೀಟಿ ಕಟ್ಟಿ, ವಾರದೊಳಗೆ ಫಿಟ್ಟರ್ ಸರಿಮಾಡಬೇಕು. ಚೀಟಿ ತಿಂಗಳುಗಟ್ಟಲೆ ನೇತಾಡಿದರೆ ಆಮೇಲೆ ಯಾರೂ ಸೋರಿಕೆ ಹೇಳಲು ಬರುವುದಿಲ್ಲ.

ನಿಮಗೇನು ಬೇಕು ಎಂದು ಹೆಂಗಸರನ್ನೇ ಕೇಳಿ ಬರಲು ಹೇಳಿದ್ದೆವು. ಮೇ ತಿಂಗಳಲ್ಲಿ ಬಾವಿ ನೀರು ಉಪ್ಪಾಗುತ್ತದೆ ಎಂದರಂತೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮಳೆ ಹಿಡಿದರೂ 500 ಚದರ ಮೀಟರ್ ಮಾಡಿನಿಂದ, ಶೇ. 20 ಪೋಲಾದರೆ, 12 ಲಕ್ಷ ಲೀಟರ್. ಅಷ್ಟನ್ನು ಯಾವ ಟ್ಯಾಂಕೂ ಹಿಡಿಯದು, ಬಾವಿಗೇ ಇಂಗಿಸಬೇಕು. ಆದರೆ ಗೇರು ಚಿಪ್ಪು ಉರಿಸುವ ಬಾಯ್ಲರಿನ ಮಸಿ ಮಾಡಿನ ಮೇಲೆ ಕೂತಿರುತ್ತದೆ. ಕುಡಿಯುವ ಬಾವಿಗೆ ಆ ನೀರು ಬೇಡ. ಮೊದಲ ಮಳೆಗಳನ್ನು ಹೊರಗೆ ಬಿಟ್ಟು, ಮರಳು-ಇದ್ದಿಲು ಸೋಸುಗುಂಡಿ ದಾಟಿಸಿ, ನೆಲ ತೊಳೆಯುವ ಬಾವಿಗೆ ಹರಿಸಿ ಎಂದೆವು.

ನಿದ್ದೆಗೆ: ಸಂಜೆ ನಾಲ್ಕರ ಮೇಲೆ ಚಹಾ ಬೇಡ, ಕಾರ್ಖಾನೆಯ ಚಿಂತೆಯನ್ನು ಆರು ಗಂಟೆಗೆ ಕಾಲು ತಾಸು ಬರೆದು ಮುಚ್ಚಿಡಿ, ಎಚ್ಚರವಾಗಿ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೇಳಿ, ಎಷ್ಟೇ ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಬದಲಿಸಬೇಡಿ. ಕೆಲವು ವಾರಗಳಲ್ಲಿ ಸುಧಾರಿಸದಿದ್ದರೆ ವೈದ್ಯರನ್ನು ಕಾಣಲು ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಕೊಟ್ಟೆವು.

ಈಗ ನಿದ್ದೆ ಬೆಳಗಿನ ಐದರವರೆಗೆ ಬರುತ್ತಿದೆ. ಸಿಪ್ಪೆ ವಿಭಾಗದ ಬುಟ್ಟಿಗಳು ನಡೆಯುತ್ತಿವೆ. ಸಭೆಯ ಹೊತ್ತಿನ ಕೂಲಿಗೆ ಮಾಲೀಕರು ಆ ಒಂದು ವಿಭಾಗಕ್ಕಷ್ಟೇ ಒಪ್ಪಿದ್ದಾರೆ. ಕತ್ತರಿಸುವ ವಿಭಾಗದ್ದು ಬಾಕಿ ಇದೆ: ಎಣ್ಣೆ ಹತ್ತಿದ ರಬ್ಬರ್ ಕೈಗವಸನ್ನು ಈಗಲೂ ಬಾಯ್ಲರಿಗೆ ಎಸೆಯುತ್ತಿದ್ದಾರೆ. ಅದನ್ನು ನಿಲ್ಲಿಸಿ ಬೇರೆಯೇ ಗೋಣಿಯಲ್ಲಿ ತುಂಬಿಸುವುದು ಮುಂದಿನ ಭೇಟಿಯೊಳಗೆ ಅವರು ಮಾಡಬೇಕಾದ ಕೆಲಸ.