ಇಬ್ಬರ ನಾಯಿಗೆ ಕರಾರು ಪತ್ರ ಬೇಕೆ?

ಮಾನ್ಯ ಓದುಗರೆ,

ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ ನೀವು ಬರೆದ ಪತ್ರವೂ ಅದರ ಜೊತೆಗಿದ್ದ ಒಪ್ಪಂದದ ಕರಡೂ ತಲುಪಿವೆ. ಗೆಳತಿಯೊಂದಿಗೆ ಸಮವಾಗಿ ಹಣ ಹಾಕಿ ತಂದ ಲ್ಯಾಬ್ರಡಾರ್ ತಳಿಯ ಹೆಣ್ಣು ಮರಿಗೆ ಈಗ ಏಳು ತಿಂಗಳು. ಅದು ಹೆಚ್ಚು ದಿನ ನಿಮ್ಮ ಮನೆಯಲ್ಲಿಯೂ ವಾರದ ಕೊನೆಯಲ್ಲಿ ಅವರ ಮನೆಯಲ್ಲಿಯೂ ಇರುತ್ತದೆ. ಎಲ್ಲವನ್ನೂ ಬರೆದಿಡೋಣವೆಂದು ನೀವು ಸೂಚಿಸಿದಾಗ ಅವರು ನೊಂದುಕೊಂಡು, "ಇಷ್ಟು ವರ್ಷಗಳ ಸ್ನೇಹಕ್ಕೆ ಸಹಿ ಬೇಕೇ?" ಎಂದು ಕೇಳಿದರಂತೆ. ಬರೆಯುವುದು ಸರಿಯೇ, ಬರೆಯುವುದಾದರೆ ಏನನ್ನು ಬರೆಯಬೇಕು ಎಂಬುದು ನಿಮ್ಮ ಪ್ರಶ್ನೆ.

ಖಂಡಿತ ಬರೆಯಿರಿ. ನಿಮ್ಮ ಗೆಳತಿಯ ನೋವು ನನಗೆ ಅರ್ಥವಾಗುತ್ತದೆ. ಕರಾರು ಎಂದೊಡನೆ ಯಾರಿಗಾದರೂ ನೆನಪಾಗುವುದು ಜಗಳವೇ. ಆದರೆ ಇಬ್ಬರು ಒಡೆಯರಿರುವ ನಾಯಿಗೆ ಕೇಡು ಬರುವುದು ಎಷ್ಟೋ ಸಲ ಜಗಳದಿಂದಲ್ಲ, ಒಬ್ಬರು ಮಾಡಿರುತ್ತಾರೆಂದು ಇನ್ನೊಬ್ಬರು ನಂಬಿ ಕುಳಿತುಬಿಡುವುದರಿಂದ. ನಾನೂ ನನ್ನ ಅಣ್ಣನೂ ಹಿಂದೆ ಎರಡು ಮನೆಗಳ ನಡುವೆ ಒಂದು ಮರಿಯನ್ನು ಸಾಕಿದೆವು. ಮರಿಗಳ ಕರುಳಿಗೆ ತಗಲುವ ಮಾರಕ ಪಾರ್ವೊ ರೋಗದ ಲಸಿಕೆಯನ್ನು ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ, ಮರಿಗೆ ಕನಿಷ್ಠ 16 ವಾರ ತುಂಬುವವರೆಗೆ ಹಾಕಿಸಬೇಕು. ಕೊನೆಯ ಸೂಜಿಯನ್ನು ಅಣ್ಣ ಹಾಕಿಸಿದನೆಂದು ನಾನೂ, ನಾನು ಹಾಕಿಸಿದೆನೆಂದು ಅವನೂ ತಿಳಿದುಕೊಂಡೆವು. ಮರಿ ಐದು ದಿನ ಡ್ರಿಪ್ಪಿನಲ್ಲಿದ್ದು ಹೇಗೋ ಬದುಕಿಕೊಂಡಿತು. ನಮ್ಮಿಬ್ಬರಲ್ಲಿ ನಂಬಿಕೆಗೆ ಕೊರತೆಯಿರಲಿಲ್ಲ, ಒಂದು ಪುಸ್ತಕದ ಕೊರತೆಯಿತ್ತು. ಆದ್ದರಿಂದ ಲಸಿಕೆ, ಜಂತುಹುಳುವಿನ ಮಾತ್ರೆ, ಔಷಧಿಗಳನ್ನೆಲ್ಲ ಬರೆಯುವ ಒಂದೇ ಪುಸ್ತಕವು ನಾಯಿಯೊಡನೆಯೇ ಮನೆಯಿಂದ ಮನೆಗೆ ಹೋಗತಕ್ಕದ್ದು ಎಂಬ ಮಾತು ನಿಮ್ಮ ಕರಾರಿನಲ್ಲಿ ಇರಲೇಬೇಕು.

ಬಹುಪಾಲು ದೇಶಗಳ ಕಾನೂನಿನಲ್ಲಿ ನಾಯಿ ಇಂದಿಗೂ ಒಂದು ಸ್ವತ್ತು. ಅಮೆರಿಕದ ಅಲಾಸ್ಕದಲ್ಲಿ 2017ರಿಂದ, ಸ್ಪೇನಿನಲ್ಲಿ 2022ರಿಂದ, ದಂಪತಿಗಳು ಬೇರೆಯಾಗುವಾಗ ಸಾಕುಪ್ರಾಣಿಯ ಹಿತವನ್ನೂ ನ್ಯಾಯಾಲಯ ನೋಡಬೇಕೆಂಬ ನಿಯಮ ಜಾರಿಯಲ್ಲಿದೆ; ಆದರೆ ಅದು ವಿಚ್ಛೇದನದ ಸಂದರ್ಭಕ್ಕಾಗಿ ಮಾಡಿದ ನಿಯಮ. ಗೆಳತಿಯರಿಬ್ಬರ ನಡುವೆ ವ್ಯಾಜ್ಯವಾದರೆ ಸಾಮಾನ್ಯವಾಗಿ ಮುಂದೆ ಬರುವುದು ರಸೀದಿ, ನೋಂದಣಿ ಮತ್ತು ಇಬ್ಬರೂ ಸಹಿ ಮಾಡಿದ ಕಾಗದ.

ಇನ್ನು ನಿಮ್ಮ ಕರಡಿನ ಮೊದಲ ಸಾಲು: "ನಾಯಿಯಲ್ಲಿ ಇಬ್ಬರಿಗೂ ಸಮಪಾಲು, ಎಲ್ಲ ತೀರ್ಮಾನಗಳನ್ನೂ ಇಬ್ಬರೂ ಒಪ್ಪಿಯೇ ಕೈಗೊಳ್ಳತಕ್ಕದ್ದು." ಇದರ ಎರಡನೆಯ ಅರ್ಧವನ್ನು ತೆಗೆದುಹಾಕಿ. ಹಣದಲ್ಲಿ ಸಮಪಾಲು ಸಾಧ್ಯ, ತೀರ್ಮಾನದಲ್ಲಿ ಎಲ್ಲ ಕಾಲಕ್ಕೂ ಸಾಧ್ಯವಿಲ್ಲ. ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ ಕೆಲವೊಮ್ಮೆ ಹೊಟ್ಟೆ ಉಬ್ಬರಿಸಿ ಜಠರವೇ ತಿರುಚಿಕೊಳ್ಳುತ್ತದೆ. ಆಗ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆಯಾಗದಿದ್ದರೆ ನಾಯಿ ಉಳಿಯುವುದಿಲ್ಲ. ವೈದ್ಯರು ಒಪ್ಪಿಗೆಯ ಸಹಿ ಕೇಳುತ್ತಿರುವಾಗ ಇನ್ನೊಬ್ಬರು ಪ್ರಯಾಣದಲ್ಲಿದ್ದು ಫೋನಿಗೆ ಸಿಗದಿದ್ದರೆ ಏನು ಮಾಡುವುದು? ನಾಯಿ ಆ ಹೊತ್ತಿನಲ್ಲಿ ಯಾರ ಬಳಿ ಇದೆಯೋ ಅವರೇ ತೀರ್ಮಾನಿಸಬಹುದೆಂದೂ, ಇಬ್ಬರೂ ಮೊದಲೇ ಒಪ್ಪಿದ ಮಿತಿಯೊಳಗಿನ ಖರ್ಚಿನಲ್ಲಿ ಇನ್ನೊಬ್ಬರು ತಕರಾರಿಲ್ಲದೆ ಅರ್ಧ ಕೊಡಬೇಕೆಂದೂ ಬರೆಯಿರಿ. ದಯಾಮರಣದ ಮಾತನ್ನೂ ಬಿಡಬೇಡಿ. ಬರೆಯುವಾಗ ಕೈ ನಡುಗುತ್ತದೆ, ನಿಜ. ಆದರೆ ನೋವು ಇನ್ನು ಶಮನವಾಗದೆಂದು ವೈದ್ಯರು ಹೇಳಿದ ಮೇಲೂ ಒಬ್ಬರ ಒಪ್ಪಿಗೆಗಾಗಿ ನಾಯಿ ನರಳುತ್ತಾ ಕಾಯುವುದು ಅದಕ್ಕಿಂತ ಘೋರ.

ನಿಮ್ಮ ಕರಡು ಮುಟ್ಟದೆ ಬಿಟ್ಟಿರುವ, ಅತ್ಯಂತ ತುರ್ತಿನ ವಿಷಯವೆಂದರೆ ಮರಿ ಹಾಕಿಸುವುದು. ಏಳು ತಿಂಗಳ ಹೆಣ್ಣು ನಾಯಿ ಯಾವ ವಾರದಲ್ಲಾದರೂ ಮೊದಲ ಬೆದೆಗೆ ಬರಬಹುದು. ಬೇಡವೆಂದಾದರೆ ಸಂತಾನಹರಣ ಚಿಕಿತ್ಸೆಯನ್ನು ಯಾವ ವಯಸ್ಸಿನಲ್ಲಿ ಮಾಡಿಸಬೇಕೆಂದು ಪಶುವೈದ್ಯರನ್ನು ಕೇಳಿ ಬರೆದಿಡಿ. ದೊಡ್ಡ ತಳಿಗಳಲ್ಲಿ ಮೈ ಬೆಳೆದು ಮುಗಿಯುವವರೆಗೆ ಕಾಯಲು ಹೇಳುವ ವೈದ್ಯರಿದ್ದಾರೆ, ಚಿಕಿತ್ಸೆ ಆಗದೆ ಉಳಿದ ಹೆಣ್ಣು ನಾಯಿಗಳಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯ ಅಪಾಯವೂ ಇದೆ. ಬೇಕೆಂದಾದರೆ ಬರೆಯುವುದು ಬಹಳವಿದೆ. ಈ ತಳಿಯಲ್ಲಿ ಸೊಂಟದ ಕೀಲಿನ ದೋಷ ಸಾಮಾನ್ಯವಾದುದರಿಂದ ಎಕ್ಸ್-ರೇ ತಪಾಸಣೆ ಮೊದಲು ಆಗಬೇಕು. ಅಮೆರಿಕದ ಪ್ರಾಣಿ ಮೂಳೆರೋಗ ಪ್ರತಿಷ್ಠಾನವು ಅಂತಿಮ ಪ್ರಮಾಣಪತ್ರ ಕೊಡುವುದು ನಾಯಿಗೆ 24 ತಿಂಗಳು ತುಂಬಿದ ಮೇಲೆಯೇ. ಗಬ್ಬದ ಅವಧಿ ಸುಮಾರು 63 ದಿನ, ಆಮೇಲೆ ಮರಿಗಳು ತಾಯಿಯ ಬಳಿ ಇರಬೇಕಾದದ್ದು ಎಂಟು ವಾರ. ಈ ನಾಲ್ಕು ತಿಂಗಳು ಒಂದೇ ಮನೆಯವರು ನಿದ್ದೆಗೆಡುತ್ತಾರೆ. ಮರಿಗಳಿಂದ ಬಂದ ಹಣವನ್ನು ಮಾತ್ರ ಇಬ್ಬರೂ ಸಮವಾಗಿ ಹಂಚಿಕೊಳ್ಳುವುದು ನನಗೆ ನ್ಯಾಯವೆನಿಸುವುದಿಲ್ಲ. ಹೊಟ್ಟೆ ಕೊಯ್ದು ಮರಿ ತೆಗೆಯಬೇಕಾಗಿ ಬಂದರೆ ಖರ್ಚು ಯಾರದು, ಯಾರೂ ಒಯ್ಯದ ಮರಿ ಯಾರದು, ವರ್ಷದ ನಂತರ ಹಿಂದಿರುಗಿ ಬಂದ ಮರಿ ಯಾರದು? ಇದಕ್ಕೆಲ್ಲ ಇಬ್ಬರೂ ಒಪ್ಪುವ ಉತ್ತರ ಸಿಗದಿದ್ದರೆ "ಮರಿ ಹಾಕಿಸತಕ್ಕದ್ದಲ್ಲ" ಎಂಬ ಒಂದೇ ಸಾಲು ಸಾಕು.

ಊಟದ ಖರ್ಚು ನೀವು ಬರೆದಂತೆಯೇ ಇರಲಿ. ಎರಡೂ ಮನೆಯಲ್ಲಿ ಒಂದೇ ಆಹಾರವೆಂದು ಸೇರಿಸಿದರೆ ನಾಯಿಯ ಹೊಟ್ಟೆಗೆ ಒಳ್ಳೆಯದು. ಗುರುತಿಗಾಗಿ ನಾಯಿಯ ಚರ್ಮದಡಿ ಇಡುವ ಮೈಕ್ರೋಚಿಪ್ಪಿನ 15 ಅಂಕಿಗಳ ಸಂಖ್ಯೆಯನ್ನು ಕರಾರಿನಲ್ಲಿ ನಮೂದಿಸಿ, ಆ ಸಂಖ್ಯೆಯ ಎದುರು ಇಬ್ಬರ ಫೋನ್ ನಂಬರೂ ದಾಖಲಾಗಿದೆಯೇ ಎಂದು ವಿಚಾರಿಸಿ. ಕಳೆದುಹೋದ ನಾಯಿಯನ್ನು ಮನೆಗೆ ತರುವುದು ಚಿಪ್ಪಲ್ಲ, ಆ ದಾಖಲೆ.

ಬೇರೆಯಾಗುವ ಷರತ್ತನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆಯಬೇಕು. ಲ್ಯಾಬ್ರಡಾರ್ ಹತ್ತು ಹನ್ನೆರಡು ವರ್ಷ ಬದುಕುವ ತಳಿ. ಅಷ್ಟರಲ್ಲಿ ಒಬ್ಬರು ಊರು ಬಿಡಬಹುದು, ಮನೆಯಲ್ಲಿ ಯಾರಿಗಾದರೂ ಅಲರ್ಜಿ ಕಾಣಿಸಿಕೊಳ್ಳಬಹುದು. ನಾಯಿ ಹೆಚ್ಚು ದಿನ ಬೆಳೆದ ಮನೆಯಲ್ಲಿಯೇ ಉಳಿಯಬೇಕು, ಇಬ್ಬರ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಮಾರಬಾರದು ಅಥವಾ ಕೊಡಬಾರದು ಎಂಬುದು ನನ್ನ ಸಲಹೆ. ನೀವು ಹೆಚ್ಚು ದಿನ ಸಾಕುವವರಾದ್ದರಿಂದ ಈ ಮಾತು ನಿಮಗೆ ಅನುಕೂಲವಾಗಿಯೇ ಕಾಣುತ್ತದೆ; ಹಾಗಾಗಿ ಗೆಳತಿಗೆ ಬಂದು ನೋಡುವ, ಕರೆದೊಯ್ಯುವ ಹಕ್ಕನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಿರಿ. ಒಬ್ಬರು ತೀರಿಕೊಂಡರೆ ಅವರ ಪಾಲು ವಾರಸುದಾರರಿಗೆ ಹೋಗುವ ಸಂಭವವಿರುವುದರಿಂದ, ಅದು ಇನ್ನೊಬ್ಬ ಒಡತಿಗೇ ಸೇರಲು ಏನು ಮಾಡಬೇಕೆಂದು ವಕೀಲರನ್ನು ಒಮ್ಮೆ ಕೇಳಿ.

ಕರಡನ್ನು ಗೆಳತಿಗೆ ಅಂಚೆಯಲ್ಲಿ ಕಳುಹಿಸಬೇಡಿ. ಎದುರಿಗೆ ಕುಳಿತು, ಖಾಲಿ ಹಾಳೆ ಇಟ್ಟುಕೊಂಡು, ಮೊದಲ ಪ್ರಶ್ನೆಯನ್ನು ಅವರಿಗೇ ಕೇಳಿ: ನಡುರಾತ್ರಿ ನಾಯಿ ನಿನ್ನ ಬಳಿ ಇದ್ದು, ನಾನು ಫೋನಿಗೆ ಸಿಗದಿದ್ದರೆ ಏನು ಮಾಡಲು ನಿನಗೆ ಸ್ವಾತಂತ್ರ್ಯ ಬೇಕು? ಅವರ ಉತ್ತರವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ, ಅಲ್ಲಿಂದ ಮುಂದುವರಿಯಿರಿ. ನಾಯಿ ಬೆದೆಗೆ ಬರುವ ಮುನ್ನ, ಸಾಧ್ಯವಾದರೆ ಈ ವಾರವೇ ಕುಳಿತುಕೊಳ್ಳಿ.

— ಸಂಪಾದಕ